ಒಂದು ಬೆಳಗ್ಗೆ, ಏಳು ಜಾಗ, ಇಪ್ಪತ್ನಾಲ್ಕು ಹೊಟ್ಟೆ

ಗುಂಪು: ಹತ್ತನೇ ಕ್ಲಾಸು ‘ಬಿ’ ಸೆಕ್ಷನ್

ಚಂದ್ರು, 7:41
[ಫಾರ್ವರ್ಡ್ ಆದ ಪೋಸ್ಟರ್] ಬಸವನಗುಡಿ ತಿಂಡಿ ಯಾತ್ರೆ!! ಕೆಂಪೇಗೌಡರು ಕಟ್ಟಿದ ಬಡಾವಣೆಯಲ್ಲಿ ಒಂದು ಬೆಳಗ್ಗೆ. ಕಡಲೆಕಾಯಿ ಪರಿಷೆಯ ಹಿಂದಿನ ಭಾನುವಾರ, 7ರಿಂದ 11. ವಿದ್ಯಾರ್ಥಿ ಭವನ (ಸ್ಥಾಪನೆ 1924, ರವೆ ಇಡ್ಲಿಯ ತವರು), ಬ್ರಾಹ್ಮಿನ್ಸ್ ಕಾಫಿ ಬಾರ್, ಎಂಟಿಆರ್, ವಿ.ವಿ. ಪುರಂ ತಿಂಡಿ ಬೀದಿ… ಒಟ್ಟು 7 ಜಾಗ!!

ಚಂದ್ರು, 7:42
ನಮ್ಮ ಗೆಟ್‌ಟುಗೆದರ್‌ಗೆ ಇದನ್ನೇ ಇಟ್ಕೊಳ್ಳೋಣ. 24 ಜನ ಆಗಿದ್ದೀವಿ. ಒಪ್ಪಿಗೆ ಇರೋರು ಹೆಬ್ಬೆಟ್ಟು ಒತ್ತಿ.

ನಾಗು, 7:44
ಒತ್ತಲ್ಲ. ಭಾನುವಾರ ಬ್ರಾಹ್ಮಿನ್ಸ್‌ಗೆ ರಜೆ.

ರಘು, 7:46
ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂಟಿಆರ್‌ಗೆ ಸೋಮವಾರ. ಮೂರೂ ತೆಗೆದಿರೋ ದಿನ ಅಂದ್ರೆ ಮಂಗಳ, ಬುಧ, ಗುರು, ಶನಿ. ಪೋಸ್ಟರ್ ಬರೆದ ಮಹಾನುಭಾವ ಸರಿಯಾಗಿ ಬಿಟ್ಟ ದಿನವನ್ನೇ ಹಿಡಿದಿದ್ದಾನೆ.

ಗೀತಕ್ಕ, 7:53
ದಿನ ಹಾಗಿರಲಿ, ಮೊದಲ ಸಾಲೇ ತಪ್ಪು. ಕೆಂಪೇಗೌಡರ ಹೆಸರು ಸೇರೋದು ದೊಡ್ಡ ಬಸವನ ಗುಡಿಗೆ, 1537. ಬಡಾವಣೆ ಆಗಿದ್ದು 1898ರ ಪ್ಲೇಗ್ ಆದಮೇಲೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರೋಕೆ ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಒಟ್ಟಿಗೇ ಹಾಕಿದರು. ರಸ್ತೆ ಅಷ್ಟು ಅಗಲ, ನೇರ ಇರೋದು ಅದಕ್ಕೇ. ಅದಕ್ಕೂ ಮುಂಚೆ ಅದು ಸುಂಕೇನಹಳ್ಳಿ, ಹೊಲ.
1924 ಎಂಟಿಆರ್‌ನ ವರ್ಷ. ವಿದ್ಯಾರ್ಥಿ ಭವನದ್ದು 1943–44. ರವೆ ಇಡ್ಲಿಯೂ ಎಂಟಿಆರ್‌ದೇ: 1942ರಲ್ಲಿ ಜಪಾನಿನವರು ಬರ್ಮಾ ಹಿಡಿದು ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಾಗ ಅಕ್ಕಿ ಜಾಗಕ್ಕೆ ರವೆ ಹಾಕಿದ್ದು ಅಂತ ಅವರೇ ಹೇಳ್ತಾರೆ.

ಚಂದ್ರು, 7:55
ತಿನ್ನೋಕೆ ಹೋಗ್ತಿರೋದು, ಪರೀಕ್ಷೆ ಬರೆಯೋಕಲ್ಲ 🙏

ರಘು, 8:02
ಸರಿ, ತಿನ್ನೋ ಲೆಕ್ಕವನ್ನೇ ಮಾಡೋಣ. 7ರಿಂದ 11 ಅಂದ್ರೆ 240 ನಿಮಿಷ. ಏಳು ಜಾಗದ ನಡುವೆ ಆರು ನಡಿಗೆ, ಒಂದಕ್ಕೆ 15 ನಿಮಿಷ ಹಿಡಿದರೂ 90 ಹೋಯ್ತು. ಉಳಿದ 150ನ್ನು ಏಳರಿಂದ ಭಾಗಿಸಿದರೆ ಜಾಗಕ್ಕೆ 21 ನಿಮಿಷ. ವಾರಾಂತ್ಯ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ನಿಲ್ಲೋದಕ್ಕೇ ಅಷ್ಟು ಸಾಲಲ್ಲ. ಜೊತೆಗೆ ತಿಂಡಿ ಬೀದಿ ಬೆಳಗ್ಗೆ ಮಲಗಿರುತ್ತೆ, ಅದಕ್ಕೆ ಜೀವ ಬರೋದು ಸಂಜೆ ಮೇಲೆ. ಹತ್ತೂವರೆಗೆ ಅಲ್ಲಿಗೆ ಹೋದ್ರೆ ಎಳೆದ ಶಟರು, ಅಂಗಡಿ ಮುಂದೆ ಮಲಗಿರೋ ನಾಯಿ.

ಚಂದ್ರು, 8:04
ಎಲ್ಲದಕ್ಕೂ ಕೊಕ್ಕೆ. ಫೋನ್ ಮಾಡಿ 24 ಮಸಾಲೆ ದೋಸೆ ಮೊದಲೇ ಹೇಳಿಟ್ಟು ಪಾರ್ಸೆಲ್ ತಗೊಂಡು ಬ್ಯೂಗಲ್ ರಾಕ್ ಪಾರ್ಕ್‌ನಲ್ಲಿ ಕೂತು ತಿಂದ್ರೆ? ಸಾಲೇ ಬೇಡ.

ವನಜ, 8:05
ಅಯ್ಯೋ, ಬೇಡ.

ವನಜ, 8:13
ದೋಸೆ ಗರಿ ಇರೋದು ಮೇಲಿನ ಪದರ ಒಣಗಿರೋವರೆಗೆ ಮಾತ್ರ. ಒಳಗೆ ಮೆತ್ತಗೆ, ಮಧ್ಯೆ ಬಿಸಿ ಪಲ್ಯ, ಎರಡೂ ಹಬೆ ಬಿಡ್ತಾನೇ ಇರುತ್ತೆ. ತಟ್ಟೆಯಲ್ಲಿದ್ರೆ ಆ ಹಬೆ ಮೇಲೆ ಹೋಗುತ್ತೆ. ಪ್ಲಾಸ್ಟಿಕ್ ಲೇಪದ ಕಾಗದದಲ್ಲಿ ಸುತ್ತಿದ್ರೆ ಅಲ್ಲೇ ನೀರಾಗಿ ದೋಸೆಗೇ ವಾಪಸ್ ಇಳಿಯುತ್ತೆ. ಐದು ನಿಮಿಷಕ್ಕೆ ಚರ್ಮ. 24 ಪೊಟ್ಟಣ ಒಂದರ ಮೇಲೊಂದು ಪೇರಿಸಿದ್ರೆ ಅಡಿಯಲ್ಲಿರೋದು ಮುದ್ದೆ. ಪಾರ್ಸೆಲ್ ತಗೊಳ್ಳಲೇಬೇಕು ಅಂದ್ರೆ ಪಲ್ಯ, ಚಟ್ನಿ ಬೇರೆ ಹಾಕಿಸಿ, ದೋಸೆ ಬಾಳೆ ಎಲೆಯಲ್ಲಿ ಸಡಿಲ ಸುತ್ತಿಸಿ, ಒಂದು ತುದಿ ತೆರೆದೇ ಇರಲಿ. ಆದ್ರೂ ಅದು ಆ ದೋಸೆ ಅಲ್ಲ.

ಗೀತಕ್ಕ, 8:15
ಬ್ಯೂಗಲ್ ರಾಕ್‌ನಲ್ಲಿ ಮರದ ತುಂಬ ಬಾವಲಿಗಳು. ಹಗಲು ಅವುಗಳ ನಿದ್ದೆ ಹೊತ್ತು. ಕೆಳಗೆ ಪಾರ್ಸೆಲ್ ಬಿಚ್ಚಿ, ಚಂದ್ರು ಬ್ಲೂಟೂತ್ ಸ್ಪೀಕರ್ ಹಾಕಿ… ಬೇಡಪ್ಪ.

ಚಂದ್ರು, 8:16
ಸ್ಪೀಕರ್ ಮಾತು ನಾನು ಎತ್ತೇ ಇಲ್ಲ!

ರಘು, 8:16
ಎತ್ತೋನಿದ್ದೆ.

ನಾಗು, 8:24
ಕೇಳಿ. ತಪ್ಪು ದಿನದ್ದೊಂದೇ ಅಲ್ಲ, 24 ಜನ ಒಟ್ಟಿಗೆ ನುಗ್ಗೋದೂ ತಪ್ಪು. ವಿದ್ಯಾರ್ಥಿ ಭವನದ ಮೇಜು ನಾಲ್ಕು ಜನಕ್ಕೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೋಸೆ ಹುಯ್ಯಲ್ಲ, ಒಂದು ದೊಡ್ಡ ಕಾವಲಿ ತುಂಬ ಒಟ್ಟಿಗೆ ಹುಯ್ದು ಒಟ್ಟಿಗೆ ಎತ್ತೋದು. ಮಾಣಿ ತಟ್ಟೆಗಳನ್ನು ತೋಳುದ್ದಕ್ಕೂ ಪೇರಿಸಿಕೊಂಡು ಬಂದು ಮೇಜುಮೇಜಿಗೆ ಇಳಿಸ್ತಾ ಹೋಗ್ತಾನೆ. ನಾಲ್ಕು ಜನ ಇದ್ರೆ ಒಂದೇ ಸುತ್ತಿನಲ್ಲಿ ಎಲ್ಲರಿಗೂ ಸಿಕ್ಕುತ್ತೆ. 24 ಜನ ಆರು ಮೇಜಿಗೆ ಹರಡಿ ‘ನಾವೆಲ್ಲ ಒಂದೇ ಗುಂಪು, ಎಲ್ಲರಿಗೂ ಬರಲಿ ಆಮೇಲೆ ಶುರು ಮಾಡ್ತೀವಿ’ ಅಂತ ಕೂತ್ರೆ ಮೊದಲು ಬಂದ ದೋಸೆ ಆರುತ್ತೆ, ಆರು ಮೇಜೂ ಖಾಲಿಯಾಗಲ್ಲ, ಹೊರಗೆ ನಿಂತವರ ಬೈಗುಳ ಬೇರೆ. ಅದರ ಮೇಲೆ ಗ್ರೂಪ್ ಫೋಟೋ!

ಚಂದ್ರು, 8:26
ಸರಿ ಮಾರಾಯ, ನೀನೇ ಹೇಳು ಹೇಗೆ ಅಂತ.

ನಾಗು, 8:38
ನಾಲ್ಕು ನಾಲ್ಕು ಜನದ ಆರು ಗುಂಪು. ಶನಿವಾರ. ಜಾಗ ಎರಡೇ. ಮೂರು ಗುಂಪು ಬ್ರಾಹ್ಮಿನ್ಸ್‌ನಿಂದ ಶುರು ಮಾಡಿ ವಿದ್ಯಾರ್ಥಿ ಭವನಕ್ಕೆ ಬರೋದು, ಮೂರು ಗುಂಪು ಉಲ್ಟಾ. ಪ್ರತಿ ಗುಂಪಿನ ನಡುವೆ ಹತ್ತು ನಿಮಿಷ ಅಂತರ: 6:45, 6:55, 7:05. ಬ್ರಾಹ್ಮಿನ್ಸ್ ಇರೋ ಶಂಕರಪುರದಿಂದ ವಿದ್ಯಾರ್ಥಿ ಭವನ ಇರೋ ಗಾಂಧಿ ಬಜಾರ್ ಆರಾಮಾಗಿ ನಡೆಯೋ ದೂರ. ದಾರಿಯಲ್ಲಿ ಎದುರುಬದುರು ಸಿಕ್ಕೇ ಸಿಗ್ತೀರಿ.
ಬ್ರಾಹ್ಮಿನ್ಸ್‌ನಲ್ಲಿ ನಿಂತೇ ತಿನ್ನೋದು, ಮೇಜಿನ ಗೊಡವೆ ಇಲ್ಲ. ನಾಲ್ಕು ಜನಕ್ಕೆ ಎರಡು ಪ್ಲೇಟ್ ಇಡ್ಲಿ, ಎರಡು ವಡೆ, ಒಂದು ಖಾರಾಬಾತು, ಒಂದು ಕೇಸರಿಬಾತು, ಎರಡು ಕಾಫಿ ಬೈ ಟೂ. ಸಾಂಬಾರ್ ಕೇಳಬೇಡಿ, 1965ರಿಂದ ಅಲ್ಲಿ ಚಟ್ನಿ ಮಾತ್ರ. ಚಟ್ನಿ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ, ತಟ್ಟೆ ಮುಂದೆ ಹಿಡಿದರೆ ಸಾಕು.
ಆಮೇಲೆ ವಿದ್ಯಾರ್ಥಿ ಭವನದಲ್ಲಿ ನಾಲ್ಕು ಜನಕ್ಕೆ ಎರಡು ಮಸಾಲೆ. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದವರು ಎರಡನೇದನ್ನು ಬರೀ ಹಠಕ್ಕೆ ಮುಗಿಸ್ತಾರೆ.

ವನಜ, 8:41
ದೋಸೆ ಬೈ ಟೂ ಮಾಡೋವಾಗ ಮಡಿಕೆಯ ಉದ್ದಕ್ಕೆ ಬಿಡಿಸಬೇಡಿ. ಪಲ್ಯ ಮಧ್ಯೆ ಇರುತ್ತೆ. ಉದ್ದಕ್ಕೆ ಬಿಡಿಸಿದ್ರೆ ಒಬ್ಬರಿಗೆ ಗರಿ, ಇನ್ನೊಬ್ಬರಿಗೆ ಬರೀ ಆಲೂಗಡ್ಡೆ. ಅಡ್ಡಕ್ಕೆ ಮುರಿದ್ರೆ ಇಬ್ಬರಿಗೂ ಅಂಚು ಸಿಗುತ್ತೆ, ಪಲ್ಯಾನೂ ಸಿಗುತ್ತೆ. ಸ್ನೇಹ ಉಳಿಯುತ್ತೆ.

ರಘು, 8:42
ಈ ಜ್ಞಾನ ಹತ್ತನೇ ಕ್ಲಾಸಲ್ಲೇ ಇದ್ದಿದ್ರೆ ಅರ್ಧ ಜಗಳ ಕಡಿಮೆ ಆಗ್ತಿತ್ತು.

ಚಂದ್ರು, 8:44
ಪೋಸ್ಟರಲ್ಲಿ ‘ಗರಿಯ ಗುಟ್ಟು ಬೆಣ್ಣೆ’ ಅಂತಾನೂ ಇದೆ. ಅದಾದರೂ ಸರಿನಾ?

ವನಜ, 8:56
ಬೆಣ್ಣೆಯಿಂದ ಗರಿ ಬರಲ್ಲ, ಬಣ್ಣ, ಘಮ ಬರುತ್ತೆ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರು. ಹಿಟ್ಟು ಹಸಿ ಇರೋವಾಗಲೇ ಹಾಕಿದ್ರೆ ಆ ನೀರು ದೋಸೆಯನ್ನು ಮೆತ್ತಗೆ ಮಾಡುತ್ತೆ. ಮೇಲೆ ಒದ್ದೆ ಹೊಳಪು ಹೋಗಿ ಅಂಚು ಎದ್ದ ಮೇಲೆ ಹಾಕಬೇಕು. ತುಪ್ಪಕ್ಕೆ ಈ ತಾಪತ್ರಯ ಇಲ್ಲ.
ಗರಿ ಹಿಟ್ಟಿನಲ್ಲೇ ಇರುತ್ತೆ. ಮನೆ ಅಳತೆಗೆ: ಅಕ್ಕಿ 4 ಲೋಟ, ಉದ್ದು 1, ಅವಲಕ್ಕಿ ಅರ್ಧ, ಮೆಂತ್ಯ 1 ಚಮಚ. ಉದ್ದು ಜಾಸ್ತಿ ಆದ್ರೆ ಇಡ್ಲಿ ಹಾಗೆ ಮೆತ್ತಗೆ, ಹಾಳೆ ಹಾಗೆ ಏಳಲ್ಲ. ಕಾರ್ತಿಕದ ಚಳಿಗೆ ಹುದುಗೋಕೆ 8 ಗಂಟೆ ಸಾಲಲ್ಲ, 12ರಿಂದ 14 ಬಿಡಿ. ಹುಳಿ ಬರದ ಹಿಟ್ಟಲ್ಲಿ ಕೆಂಪು ಬಣ್ಣ ಬರಲ್ಲ, ಬೆಳ್ಳಗೆ ಒಣಗುತ್ತೆ. ಆಗ ಒಂದು ಚಿಟಿಕೆ ಸಕ್ಕರೆ.
ಕಾವಲಿ ತೀರಾ ಕಾದಿದ್ರೆ ಹಿಟ್ಟು ಸೌಟಿನ ಹಿಂದೆಯೇ ಸುತ್ತಿಕೊಂಡು ಬರುತ್ತೆ. ನೀರು ಚಿಮುಕಿಸಿ, ಚುಂಯ್ ಅಂದು ನಿಂತ ಮೇಲೆ ಒರೆಸಿ, ಆಮೇಲೆ ಹುಯ್ಯಿರಿ. ಹೋಟೆಲಲ್ಲಿ ಪೊರಕೆಯಿಂದ ನೀರು ಹೊಡೆದು ಗುಡಿಸೋದು ಇದಕ್ಕೇ. ಶುದ್ಧಿಗೆ ಅಂತ ಅಂದ್ಕೊಂಡಿರ್ತಾರೆ ಜನ.

ಗೀತಕ್ಕ, 9:03
ಎರಡು ಹೋಟೆಲಿನ ನಡುವೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ಬಡಾವಣೆ ಅಂದ್ರೆ ಕಾವಲಿ ಒಂದೇನಾ? ಡಿವಿಜಿ 1945ರಲ್ಲಿ ಶುರು ಮಾಡಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎನ್.ಆರ್. ಕಾಲೊನಿಯಲ್ಲಿ ಇನ್ನೂ ನಡೀತಿದೆ. ಅದೇ 1945ರದ್ದು ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ, ಅದರ ಲೈಬ್ರರಿ. ಮಾಸ್ತಿಯವರ ಮನೆ ಗವಿಪುರದಲ್ಲಿ. ಸಂಜೆ ಉಪನ್ಯಾಸ ಕೇಳಿ ಕಾಫಿಗೆ ಹೋಗಿ, ಕೇಳಿದ್ದರ ಮೇಲೆ ಜಗಳ ಆಡೋದು, ಬಸವನಗುಡಿ ಅಂದ್ರೆ ಅದು. ವಿದ್ಯಾರ್ಥಿ ಭವನದ ಗೋಡೆ ಮೇಲೆ ಸಾಹಿತಿಗಳ ಚಿತ್ರ ಸುಮ್ಮನೆ ಬಂದಿಲ್ಲ.

ರಘು, 9:05
ಒಪ್ಪಿದೆ. ಆದ್ರೆ ಬೆಳಗ್ಗೆ 8 ಗಂಟೆಗೆ ಉಪನ್ಯಾಸ ಇರಲ್ಲ ಗೀತಕ್ಕ. ಸಂಜೆದು ಬೇರೆ ಇಡೋಣ, ಅವತ್ತೇ ತಿಂಡಿ ಬೀದೀನೂ ಆಗುತ್ತೆ.

ಗೀತಕ್ಕ, 9:09
ಸರಿ. ಆದರೆ ಬೆಳಗ್ಗೆ ಗಾಂಧಿ ಬಜಾರಲ್ಲಿ ಹೂವಿನವರ ಹತ್ತಿರ ಹತ್ತು ನಿಮಿಷ ನಿಲ್ಲಲೇಬೇಕು. ಮೊಳ ಅಳೆಯೋದು ನೋಡಿ: ಮೊಣಕೈಯಿಂದ ನಡುಬೆರಳ ತುದಿವರೆಗೆ. ಅಳೆಯೋ ಕೈ ಯಾರದ್ದೋ ಮೊಳ ಅವರದ್ದು, ಗಿಡ್ಡ ಕೈಯವರ ಹತ್ತಿರ ಮಲ್ಲಿಗೆ ನಾಲ್ಕು ಬೆರಳು ಕಡಿಮೆ. ಜಾಸ್ತಿ ಬೇಕಿದ್ರೆ ಮಾರಲ್ಲಿ ಕೇಳಿ, ಎರಡೂ ಕೈ ಚಾಚಿದಷ್ಟು, ನಾಲ್ಕು ಮೊಳ. ದಂಡೆ ಒತ್ತಾಗಿ ಕಟ್ಟಿದೆಯಾ ಅಂತ ಬೆರಳಿಂದ ಸರಿಸಿ ನೋಡಿ. ಸಡಿಲ ಕಟ್ಟಿದ್ರೆ ಉದ್ದ ಹೆಚ್ಚು, ಹೂವು ಕಡಿಮೆ.

ಚಂದ್ರು, 9:12
ಪರಿಷೆ ಕಾರ್ತಿಕದ ಕೊನೇ ಸೋಮವಾರ ಅಲ್ವಾ. ಶನಿವಾರ ಹೋದ್ರೆ ಕಡಲೆಕಾಯಿ ಎಲ್ಲಿ ಸಿಗುತ್ತೆ? ಸೋಮವಾರವೇ ಇಟ್ಕೊಂಡ್ರೆ?

ನಾಗು, 9:20
ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಹೆಜ್ಜೆ ಎತ್ತಿದ್ರೆ ಇಡೋಕೆ ಜಾಗ ಇರಲ್ಲ, ಗಾಡಿ ಬಿಡಲ್ಲ. ನಾಲ್ಕು ಜನ ಒಟ್ಟಿಗೆ ನಡೆಯೋದೂ ಕಷ್ಟ, 24 ದೂರ. ಅಂಗಡಿಗಳು ಎರಡು ಮೂರು ದಿನ ಮುಂಚೆಯೇ ಕೂತಿರುತ್ತೆ. ಶನಿವಾರ ಬೆಳಗ್ಗೆ ರಾಶಿ ಹೊಸದು, ಮಾರೋರಿಗೆ ಮಾತಾಡೋ ಪುರುಸೊತ್ತೂ ಇರುತ್ತೆ.
ಸೇರಲ್ಲಿ ಅಳೆದು ಕೊಡ್ತಾರೆ. ಅಳತೆ ತಲೆತುಂಬ ಬರಲಿ, ಮಟ್ಟ ಒರೆಸಿದ್ದು ಬೇಡ. ಸೇರಿನ ತಳ ಒಳಗೆ ತಗ್ಗಿದೆಯಾ ಒಮ್ಮೆ ಕೈಹಾಕಿ ನೋಡಿ. ದಪ್ಪ ಕಾಯಿ ನೋಡೋಕೆ ಚೆಂದ, ಆದ್ರೆ ಸಿಪ್ಪೆ ನಡುವೆ ಗಾಳಿಯೇ ಜಾಸ್ತಿ. ಅದೇ ಸೇರಿಗೆ ಸಣ್ಣ ಕಾಯಿ ತೂಕ ಹೆಚ್ಚು ಬರುತ್ತೆ. ಕಿವಿ ಹತ್ತಿರ ಅಲ್ಲಾಡಿಸಿ: ಗಲಗಲ ಅಂದ್ರೆ ಒಣಗಿದ್ದು, ಹುರಿಯೋಕೆ. ಸದ್ದಿಲ್ಲ ಅಂದ್ರೆ ಹಸಿ, ಬೇಯಿಸೋಕೆ.

ವನಜ, 9:25
ಹಸಿ ಕಾಯಿಯನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ, ಎರಡು ದಿನಕ್ಕೆ ಬೂಷ್ಟು. ಬೂಷ್ಟು ಬಂದದ್ದನ್ನು ತೊಳೆದು ಬಳಸೋದೂ ಬೇಡ, ಆ ವಿಷ ಬೇಯಿಸಿದರೂ ಹೋಗಲ್ಲ. ಅವತ್ತೇ ಮಣ್ಣು ಹೋಗೋ ಹಾಗೆ ಮೂರು ನೀರಲ್ಲಿ ತೊಳೆದು ಕುಕ್ಕರಿಗೆ. ಒಂದು ಕೆಜಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು, ಮುಳುಗೋಷ್ಟು ನೀರು, ಮೂರು ನಾಲ್ಕು ಕೂಗು. ಬೆಂದ ಮೇಲೆ ಅರ್ಧ ಗಂಟೆ ಅದೇ ನೀರಲ್ಲಿ ಬಿಡಿ. ಉಪ್ಪು ಒಳಗೆ ಹೋಗೋದೇ ಆಗ.

ರಘು, 9:28
ಬಸವ ಹೊಲದ ಕಡಲೆಕಾಯಿ ತಿಂದು ಹಾಕ್ತಿದ್ದ, ಅದಕ್ಕೇ ರೈತರು ಗುಡಿ ಕಟ್ಟಿ ಮೊದಲ ಫಸಲು ಕೊಡೋಕೆ ಶುರು ಮಾಡಿದ್ರು ಅಂತ ಕತೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. 1537ಕ್ಕೆ ಸುಂಕೇನಹಳ್ಳಿ ಹೊಲದಲ್ಲಿ ಇತ್ತಾ? ನನಗೇನೋ ಅನುಮಾನ.

ಗೀತಕ್ಕ, 9:30
ಗುಡಿ ಮೊದಲು, ಕಡಲೆಕಾಯಿ ಆಮೇಲೆ, ಕತೆ ಅದಕ್ಕೂ ಆಮೇಲೆ ಇರಬಹುದು. ಅದರಿಂದ ಪರಿಷೆಗೇನೂ ನಷ್ಟ ಇಲ್ಲ.

ಚಂದ್ರು, 9:34
ಕಾರು ಎಲ್ಲಿ ನಿಲ್ಲಿಸೋದು?

ನಾಗು, 9:35
ನಿಲ್ಲಿಸೋದಿಲ್ಲ. ಹಸಿರು ಮಾರ್ಗದ ಮೆಟ್ರೋ, ನ್ಯಾಷನಲ್ ಕಾಲೇಜ್ ನಿಲ್ದಾಣ. ಅಲ್ಲಿಂದ ಎರಡೂ ಕಡೆಗೆ ಕಾಲು.

ರಘು, 9:36
ಎಂಟಿಆರ್?

ನಾಗು, 9:38
ಅದು ಲಾಲ್‌ಬಾಗ್ ರಸ್ತೆ, ಇನ್ನೊಂದು ಬೆಳಗ್ಗೆ. ರವೆ ಇಡ್ಲಿ ಮೇಲೆ ಗೌರವ ಇದ್ರೆ ಇಡ್ಲಿ, ಅರ್ಧ ವಡೆ, ಅರ್ಧ ದೋಸೆ ಮುಗಿಸಿ ಅಲ್ಲಿಗೆ ಹೋಗಬಾರದು.

ಚಂದ್ರು, 9:51
[ಹೊಸ ಪೋಸ್ಟರ್] ಬಸವನಗುಡಿ: ಶನಿವಾರ ಬೆಳಗ್ಗೆ 6:45. 2 ಹೋಟೆಲು, 6 ಗುಂಪು. ಮೆಟ್ರೋದಲ್ಲಿ ಬನ್ನಿ. ಕಡಲೆಕಾಯಿಗೆ ಬಟ್ಟೆ ಚೀಲ ತನ್ನಿ. ವಿದ್ಯಾರ್ಥಿ ಭವನ (ಸ್ಥಾಪನೆ 1942).

ಗೀತಕ್ಕ, 9:52
1943–44!!

ಚಂದ್ರು, 9:52
ಬರ್ಮಾದ ವರ್ಷ ಬಂದುಬಿಟ್ಟಿದೆ. ತಿದ್ದುತೀನಿ.

ರಘು, 9:53
ನಾನೂ ವನಜಾನೂ ಒಂದೇ ಗುಂಪು. ಅಡ್ಡಕ್ಕೆ ಮುರಿಯೋರು ಬೇಕು.