ಕೊಳವೆಬಾವಿ ನೀರು, ಆರ್‌ಒ ಮತ್ತು ಎಸ್ಪ್ರೆಸೊ ಯಂತ್ರದೊಳಗಿನ ಸುಣ್ಣ: ಡಿಸ್ಕೇಲಿಂಗ್ ಎಷ್ಟು ಸಲ, ಯಾವುದರಿಂದ?

ಪ್ರಶ್ನೆ: ಹೊರಮಾವು ಕಾಫಿ

ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಬರುವುದು ಹೆಚ್ಚಾಗಿ ಕೊಳವೆಬಾವಿಯ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ಅಡುಗೆಮನೆಯಲ್ಲಿ ಆರ್‌ಒ ಇದೆ, ಅದರ ನೀರಿಗೆ ಮೀಟರ್ ಅದ್ದಿದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 140ರ ಆಸುಪಾಸು ತೋರಿಸುತ್ತದೆ. ಒಂದೇ ಬಾಯ್ಲರಿನ, ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಇರುವ ಎಸ್ಪ್ರೆಸೊ ಯಂತ್ರಕ್ಕೆ ಇದೇ ನೀರನ್ನು ತುಂಬುತ್ತಿದ್ದೇನೆ. ಈಚೆಗೆ ಕಾಫಿ ಹೊರಬರುವ ಭಾಗವಾದ ಗ್ರೂಪ್ ಹೆಡ್‌ನಿಂದ ಇಳಿಯುವ ಧಾರೆ ಸಣ್ಣದಾಗಿದೆ, ಹಬೆ ಏಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ, ಹಬೆಯ ಕೊಳವೆಯ ತುದಿಯಲ್ಲಿ ಬಿಳಿಯ ಚಕ್ಕೆ ಕಾಣಿಸುತ್ತಿದೆ. ಆರ್‌ಒ ನೀರಿನಲ್ಲೂ ಸುಣ್ಣ ಕಟ್ಟುತ್ತದೆಯೇ? ಡಿಸ್ಕೇಲಿಂಗ್‌ಗೆ ವಿನೆಗರ್ ಸಾಕೇ, ಅಥವಾ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಒಳ್ಳೆಯದೇ? ಎಷ್ಟು ತಿಂಗಳಿಗೊಮ್ಮೆ ಮಾಡಬೇಕು?

ಉತ್ತರ: ಗಡಸುನೀರು

ಮೊದಲು ನೀರಿನ ವಿಷಯ ಇತ್ಯರ್ಥವಾಗಲಿ, ಏಕೆಂದರೆ ಎಷ್ಟು ತಿಂಗಳಿಗೊಮ್ಮೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆರ್‌ಒ ಪೊರೆಯನ್ನು ದಾಟಿದ ನೀರಿನಲ್ಲಿ ಲವಣ ತೀರ ಕಡಿಮೆ ಇರುತ್ತದೆ. ಆದರೆ ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪೊಂದು ಇದ್ದು, ರುಚಿಗೆಂದು ಪೊರೆಯನ್ನು ದಾಟದ ನೀರನ್ನೂ ಒಂದಷ್ಟು ಬೆರೆಸಿ ನಲ್ಲಿಗೆ ಬಿಡುತ್ತದೆ. ನಿಮ್ಮ 140ರಲ್ಲಿ ದೊಡ್ಡ ಪಾಲು ಹೀಗೆ ಪಕ್ಕದ ದಾರಿಯಿಂದ ಬಂದ ಕೊಳವೆಬಾವಿ ನೀರಿನದೇ ಇದ್ದೀತು. ಕೇವಲ ಯುವಿ (ನೇರಳಾತೀತ ಬೆಳಕು) ಅಥವಾ ಯುಎಫ್ (ಸೂಕ್ಷ್ಮ ಸೋಸುಪೊರೆ) ಇರುವ ಶುದ್ಧೀಕರಣ ಯಂತ್ರಗಳಂತೂ ಗಡಸುತನವನ್ನು, ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು, ಮುಟ್ಟುವುದೇ ಇಲ್ಲ.

ಇನ್ನೊಂದು ತೊಡಕೆಂದರೆ, ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದಕ್ಕೆ ಸೋಡಿಯಂ ಯಾವುದು, ಕ್ಯಾಲ್ಸಿಯಂ ಯಾವುದು ಎಂದು ಗೊತ್ತಾಗುವುದಿಲ್ಲ. ಬಾಯ್ಲರಿಗೆ ಹಾನಿ ಮಾಡುವುದು ಬೈಕಾರ್ಬೊನೇಟ್ ಜೊತೆಗಿರುವ ಕ್ಯಾಲ್ಸಿಯಂ. ನೀರು ಕಾದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಬಚ್ಚಲಿನ ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ಕಾಣುವ ಬಿಳಿಯ ಪದರವೂ ಇದೇ. ಅಕ್ವೇರಿಯಂ ಅಂಗಡಿಗಳಲ್ಲಿ ಜಿಎಚ್ (ಒಟ್ಟು ಗಡಸುತನ) ಮತ್ತು ಕೆಎಚ್ (ಕಾರ್ಬೊನೇಟ್ ಗಡಸುತನ) ಎಂಬ ಹನಿ ಪರೀಕ್ಷೆಯ ಕಿಟ್ ಸಿಗುತ್ತದೆ, ಅದರಲ್ಲಿ ಅಳೆಯಿರಿ. ಅದು ತೋರಿಸುವ ಒಂದು ಜರ್ಮನ್ ಡಿಗ್ರಿ ಎಂದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ ಸುಮಾರು 17.8 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಮನುಷ್ಯರಿಗೆ ಅದು ಸರಿ, ಆದರೆ ಬಾಯ್ಲರಿಗೆ 200 ಕೂಡ ಹೆಚ್ಚೇ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಆರಂಭವಾದ ಮೇಲೆ ಹೊರವಲಯದ ಬಡಾವಣೆಗಳಿಗೂ ಕಾವೇರಿ ನೀರು ಬರತೊಡಗಿದೆ. ಸಂಪಿನಲ್ಲಿ ಕಾವೇರಿ ನೀರೂ ಕೊಳವೆಬಾವಿ ನೀರೂ ಬೆರೆಯುವ ಕಡೆ ಗಡಸುತನ ವಾರದಿಂದ ವಾರಕ್ಕೆ ಬದಲಾಗುವುದರಿಂದ ಒಂದೇ ಸಲ ಅಳೆದು ಸುಮ್ಮನಾಗಬೇಡಿ.

ನನ್ನ ಸಲಹೆ ಇಷ್ಟು: ಕಂಟ್ರೋಲರನ್ನು ಪೂರ್ತಿ ಮುಚ್ಚಿಸಿ, ಕಾಫಿಗೆ ಬೇಕಾದಷ್ಟು ನೀರನ್ನು ಬೇರೆ ಹಿಡಿದಿಡಿ. ಬರಿಯ ಆರ್‌ಒ ನೀರು ಲೋಹಕ್ಕೆ ಒಳ್ಳೆಯದಲ್ಲ, ಕಾಫಿಯ ಹುಳಿಯನ್ನೂ ಅದು ತಡೆಯದು. ಆದ್ದರಿಂದ ಅರ್ಧ ಲೀಟರ್ ನೀರಿಗೆ 5 ಗ್ರಾಂ ಅಡುಗೆ ಸೋಡಾ ಕರಗಿಸಿಟ್ಟುಕೊಂಡು, ಯಂತ್ರಕ್ಕೆ ಹಾಕುವ ಪ್ರತಿ ಲೀಟರ್ ನೀರಿಗೆ ಅದರಿಂದ 10 ಮಿಲಿಲೀಟರ್ ಸೇರಿಸಿ. ಬೇಕಿಂಗ್ ಪೌಡರ್ ಬೇಡ. ಇದರಿಂದ ಕ್ಷಾರೀಯತೆ (ಹುಳಿಯನ್ನು ತಡೆಯುವ ಶಕ್ತಿ) ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 60 ಮಿಲಿಗ್ರಾಂ ಆಗುತ್ತದೆ. ಕ್ಯಾಲ್ಸಿಯಂ ತೀರ ಕಡಿಮೆ ಇರುವುದರಿಂದ ಸುಣ್ಣ ಕಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ. ಬರಿಯ ಎಸ್ಪ್ರೆಸೊ ಕುಡಿಯುವವರಿಗೆ ರುಚಿ ತುಸು ಸಪ್ಪೆ ಎನಿಸಬಹುದು, ಹಾಲು ಬೆರೆಸುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಉತ್ತರ: ಹಬೆಕೊಳವೆ

ಈಗಾಗಲೇ ಕಟ್ಟಿರುವ ಸುಣ್ಣವನ್ನು ತೆಗೆಯುವ ಬಗ್ಗೆ ನಾನು ಹೇಳುತ್ತೇನೆ. ವಿನೆಗರ್ ಬೇಡ. ಅದರ ವಾಸನೆ ರಬ್ಬರ್ ಗ್ಯಾಸ್ಕೆಟ್ಟುಗಳಿಗೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆಮ್ಲವೇ. ಲೀಟರಿಗೆ 20ರಿಂದ 25 ಗ್ರಾಂ ಸಾಕು, ಒಂದು ಹರಳೂ ಉಳಿಯದಂತೆ ಕರಗಿಸಿದ ಮೇಲೆಯೇ ತೊಟ್ಟಿಗೆ ಸುರಿಯಿರಿ. ಬಾಯ್ಲರ್ ಹಿತ್ತಾಳೆಯದೋ, ಸ್ಟೀಲಿನದೋ, ಅಲ್ಯೂಮಿನಿಯಮ್ಮಿನದೋ ಎಂದು ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ಅಲ್ಯೂಮಿನಿಯಂ ಆಗಿದ್ದರೆ ತಯಾರಕರು ಹೇಳಿದ ದ್ರಾವಣವನ್ನೇ ಬಳಸುವುದು ಕ್ಷೇಮ.

ಶವರ್ ಸ್ಕ್ರೀನನ್ನು (ಗ್ರೂಪ್ ಹೆಡ್ಡಿನ ಜಾಲರಿ) ಬಿಚ್ಚಿ ಪಕ್ಕಕ್ಕಿಡಿ, ತೊಟ್ಟಿಯಲ್ಲಿ ಗಡಸುತನ ತಗ್ಗಿಸುವ ಸಾಫ್ಟನರ್ ಚೀಲವಿದ್ದರೆ ತೆಗೆಯಿರಿ. ಯಂತ್ರ ಬೆಚ್ಚಗಾದ ಮೇಲೆ ಸ್ವಿಚ್ ಆರಿಸಿ, ಗ್ರೂಪಿನಿಂದ ಒಂದು ಕಪ್, ಹಬೆಯ ಕೊಳವೆಯಿಂದ ಒಂದು ಕಪ್ ದ್ರಾವಣವನ್ನು ಎಳೆಯಿರಿ. ಪಂಪಿಗೆ ವಿದ್ಯುತ್ ಬೇಕೆಂದು ಸ್ವಿಚ್ ಹಾಕಬೇಕಾದರೆ ಎಳೆದ ಕೂಡಲೇ ಆರಿಸಿಬಿಡಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎಳೆಯಿರಿ, ತೊಟ್ಟಿ ಖಾಲಿಯಾಗುವವರೆಗೆ ಹೀಗೇ ಮಾಡಿ. ಬಿಸಿ ಹೆಚ್ಚಿದಷ್ಟೂ ಬೇಗ ಕರಗೀತೆಂದು ದ್ರಾವಣವನ್ನು ಕುದಿಸುವವರಿದ್ದಾರೆ, ಆದರೆ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುವುದರಿಂದ ತೆಗೆದ ಸುಣ್ಣ ಬೇರೊಂದು ರೂಪದಲ್ಲಿ ಅಲ್ಲೇ ಕೂರುವ ಸಂಭವವಿದೆ. ರಾತ್ರಿಯಿಡೀ ನೆನೆಯಲು ಬಿಡುವುದೂ ತಪ್ಪು. ದಪ್ಪ ಪದರ ಒಮ್ಮೆಲೇ ಎದ್ದು ಬಂದರೆ ಸೊಲೆನಾಯ್ಡ್ ವಾಲ್ವಿನ ಸೂಜಿಗಣ್ಣಿನಂಥ ರಂಧ್ರದಲ್ಲಿ ಸಿಕ್ಕಿಕೊಂಡು ಇದ್ದ ಧಾರೆಯೂ ನಿಲ್ಲುತ್ತದೆ. ಆದ್ದರಿಂದ ಹಳೆಯ ಸುಣ್ಣಕ್ಕೆ ಒಂದು ದೀರ್ಘ ಸರದಿಗಿಂತ ಕೆಲವು ಚಿಕ್ಕ ಸರದಿಗಳೇ ಲೇಸು. ಕೊನೆಯಲ್ಲಿ ಕನಿಷ್ಠ ಎರಡು ತೊಟ್ಟಿ ಶುದ್ಧ ನೀರನ್ನು ಹಾಯಿಸಿ.

ಉತ್ತರ: ಬಸವನಗುಡಿ ಬಟ್ಟಲು

ಮೇಲಿನವರಿಬ್ಬರೂ ಸುಣ್ಣವೆಂದೇ ನಂಬಿ ಬರೆದಿದ್ದಾರೆ. ನನಗೆ ಸ್ವಲ್ಪ ಅನುಮಾನ. ಕೊಳವೆಯ ತುದಿಯ ಬಿಳಿ ಚಕ್ಕೆ ಒಣಗಿದ ಹಾಲೂ ಆಗಿರಬಹುದು. ಅದನ್ನು ಕೆರೆದು ಒಂದು ಚಮಚ ನಿಂಬೆ ಉಪ್ಪಿನ ನೀರಿಗೆ ಹಾಕಿ ನೋಡಿ: ಸಣ್ಣ ಗುಳ್ಳೆಗಳೆದ್ದು ಕರಗಿದರೆ ಸುಣ್ಣ, ಮೆತ್ತಗಾಗಿ ಹಾಗೆಯೇ ಉಳಿದರೆ ಹಾಲು. ಗ್ರೂಪಿನ ಧಾರೆ ಸಣ್ಣಗಾಗಲು ಶವರ್ ಸ್ಕ್ರೀನಿನ ಹಿಂದೆ ಗಟ್ಟಿಯಾದ ಕಾಫಿ ಎಣ್ಣೆಯೂ ಕಾರಣವಾಗಬಹುದು. ಆಮ್ಲದಿಂದ ಎಣ್ಣೆ ಹೋಗುವುದಿಲ್ಲ, ಅದಕ್ಕೆ ಕ್ಷಾರೀಯ ಶುದ್ಧಿಪುಡಿ ಬೇಕು. ರಂಧ್ರವಿಲ್ಲದ ಬುಟ್ಟಿಗೆ ಅರ್ಧ ಟೀ ಚಮಚ ಪುಡಿ ಹಾಕಿ, ಪಂಪನ್ನು ಹತ್ತು ಸೆಕೆಂಡು ಓಡಿಸಿ ನಿಲ್ಲಿಸಿ, ಹೀಗೆ ಐದಾರು ಸಲ ಮಾಡಿ, ಆಮೇಲೆ ಬರಿ ನೀರಿನಲ್ಲಿ ಅದನ್ನೇ ಮಾಡಿ. ಇದು ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇರುವ ಯಂತ್ರಗಳಿಗೆ ಮಾತ್ರ.

ಡಿಸ್ಕೇಲ್ ದೀಪವಿರುವ ಯಂತ್ರಗಳವರಿಗೂ ಒಂದು ಮಾತು: ಹೆಚ್ಚಿನ ಯಂತ್ರಗಳಲ್ಲಿ ಆ ದೀಪ ಸುಣ್ಣವನ್ನು ಕಂಡು ಉರಿಯುವುದಿಲ್ಲ, ನೀವು ಹೊಂದಿಸಿಟ್ಟ ಗಡಸುತನದ ಲೆಕ್ಕದಲ್ಲಿ ಹರಿದ ನೀರನ್ನು ಎಣಿಸಿ ಉರಿಯುತ್ತದೆ.

ಮರುಪ್ರಶ್ನೆ: ಹೊರಮಾವು ಕಾಫಿ

ಚಕ್ಕೆ ಗುಳ್ಳೆಯೆದ್ದು ಕರಗಿತು. ಕಂಟ್ರೋಲರ್ ಮುಚ್ಚಿದ ಮೇಲೆ ಟಿಡಿಎಸ್ 30ಕ್ಕಿಂತ ಕೆಳಗಿಳಿದಿದೆ. ಹಿತ್ತಾಳೆಯ ಬಾಯ್ಲರ್ ಎಂದು ಖಚಿತಪಡಿಸಿಕೊಂಡು ನಿಂಬೆ ಉಪ್ಪಿನ ಮೊದಲ ಸರದಿ ಮುಗಿಸಿದ್ದೇನೆ, ಧಾರೆ ಸುಧಾರಿಸಿದೆ. ಆದರೆ ಹೊರಬಂದ ದ್ರಾವಣ ತಿಳಿ ನೀಲಿಯಾಗಿದೆ. ಇದು ಸಹಜವೇ?

ಉತ್ತರ: ಹಬೆಕೊಳವೆ

ಹಿತ್ತಾಳೆಯಲ್ಲಿರುವ ತಾಮ್ರ ಆಮ್ಲದಲ್ಲಿ ಕರಗಿದಾಗ ಆ ಬಣ್ಣ ಬರುತ್ತದೆ. ತಿಳಿ ನೀಲಿಯಾದರೆ ಗಾಬರಿ ಬೇಡ, ಆದರೆ ಮುಂದಿನ ಸರದಿಯಲ್ಲಿ ನೆನೆಯುವ ಹೊತ್ತನ್ನು ಹತ್ತು ನಿಮಿಷಕ್ಕೆ ಇಳಿಸಿ. ತೊಳೆದ ನೀರನ್ನು ಬಿಳಿಯ ಪಿಂಗಾಣಿ ಕಪ್ಪಿನಲ್ಲಿ ಹಿಡಿದು ನೋಡಿ, ಬಣ್ಣ ಪೂರ್ತಿ ಹೋಗುವವರೆಗೆ ನೀರು ಹಾಯಿಸುತ್ತಲೇ ಇರಿ. ಅದಕ್ಕೆ ಮೊದಲು ಆ ಯಂತ್ರದ ಕಾಫಿ ಕುಡಿಯಬೇಡಿ. ನೀಲಿ ನೀರನ್ನು ಬಾಲ್ಕನಿಯ ಕುಂಡಗಳಿಗೆ ಹಾಕದೆ ಸಿಂಕಿಗೇ ಚೆಲ್ಲಿ.