ಡೊಳ್ಳು ಬಾರಿಸಲು ಬಾರದವರನ್ನೂ ಮೇಳದ ಪಟ್ಟಿಗೆ ಸೇರಿಸಿ ಎನ್ನುತ್ತಿದ್ದಾರೆ: ಅಮೆರಿಕ ವೀಸಾ ಕುರಿತು ಸಲಹೆ ಬೇಕು

ಪ್ರಶ್ನೆ: ಶಿಗ್ಗಾವಿ_ಡೊಳ್ಳು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಒಂದು ಡೊಳ್ಳಿನ ಮೇಳದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನನ್ನ ಸೋದರಮಾವ ಮೇಳದ ಮುಖ್ಯಸ್ಥರು. ಹುಬ್ಬಳ್ಳಿಯಲ್ಲಿ ಕಾರ್ಯಕ್ರಮಗಳನ್ನು ಏರ್ಪಡಿಸುವ ಏಜೆಂಟರೊಬ್ಬರು, ಅಮೆರಿಕದ ಕನ್ನಡಿಗರ ಸಂಘವೊಂದು ನಮ್ಮನ್ನು ಕರೆದಿದೆ ಎಂದು ಹೇಳಿ ಆಹ್ವಾನ ಪತ್ರದ ಪ್ರತಿಯನ್ನು ತೋರಿಸಿದ್ದಾರೆ. ವಿಮಾನದ ಟಿಕೆಟ್ ಅವರದೇ, ಊಟ ವಸತಿಯೂ ಅವರದೇ, ತಲೆಗೆ 60,000 ರೂಪಾಯಿ ಸಂಭಾವನೆ. ಇಷ್ಟರಲ್ಲಿ ನಮಗೆ ತಕರಾರಿಲ್ಲ.

ನಮ್ಮ ಮೇಳದಲ್ಲಿ ಹನ್ನೆರಡು ಜನರಿದ್ದೇವೆ, ಆದರೆ ಏಜೆಂಟರ ಪಟ್ಟಿಯಲ್ಲಿ ಹದಿನಾರು ಹೆಸರುಗಳಿವೆ. ಹೆಚ್ಚುವರಿ ನಾಲ್ವರಲ್ಲಿ ಒಬ್ಬನನ್ನು ನಾನು ಬಲ್ಲೆ. ಅವನು ಬಂಕಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಜಾತ್ರೆಯಲ್ಲಿಯೂ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡವನಲ್ಲ. ಆ ನಾಲ್ವರಿಗೆ ಕಾಸೆ ಕಟ್ಟಿಸಿ, ಕಂಬಳಿ ಹೊದಿಸಿ, ನಮ್ಮ ನಡುವೆ ನಿಲ್ಲಿಸಿ ಹುಬ್ಬಳ್ಳಿಯ ಒಂದು ಹಾಲ್‌ನಲ್ಲಿ ಫೋಟೊ ತೆಗೆಯಬೇಕಂತೆ. ಅವರು ಐದು ವರ್ಷಗಳಿಂದ ನಮ್ಮ ಮೇಳದಲ್ಲಿದ್ದಾರೆ ಎಂಬ ಪತ್ರಕ್ಕೆ ಮಾವ ಸಹಿ ಹಾಕಬೇಕಂತೆ. ಎಲ್ಲರ ಪಾಸ್‌ಪೋರ್ಟ್‌ಗಳನ್ನು ಈಗಲೇ ಕೊಡಬೇಕೆಂದೂ ಕೇಳಿದ್ದಾರೆ. ಆ ನಾಲ್ವರು ಅಲ್ಲಿಯೇ ಉಳಿದುಬಿಟ್ಟರೆ ಅದಕ್ಕೆ ಮೇಳ ಹೊಣೆಯಾಗುತ್ತದೆಯೇ? ಪತ್ರ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?

ಉತ್ತರ 1: ಗದಗ_ತಬಲಾ

ಗಾಯಕರೊಬ್ಬರ ಸಾಥಿಯಾಗಿ ಅಮೆರಿಕಕ್ಕೆ ಹೋಗಿ ಬಂದಿರುವುದರಿಂದ ಸರಿಯಾದ ದಾರಿ ಹೇಗಿರುತ್ತದೆ ಎಂಬುದನ್ನು ಹೇಳಬಲ್ಲೆ. ಡೊಳ್ಳು, ವೀರಗಾಸೆ, ಜಗ್ಗಲಿಗೆಯಂತಹ ನಾಡಿನ ವಿಶಿಷ್ಟ ಕಲೆಗಳನ್ನು ಪ್ರದರ್ಶಿಸುವವರಿಗೆ ಅಲ್ಲಿ ಪಿ-3 ಎಂಬ ವೀಸಾ ಇದೆ. ಅದರ ಕೆಲಸ ಶುರುವಾಗುವುದು ಹುಬ್ಬಳ್ಳಿಯಲ್ಲಲ್ಲ, ಅಮೆರಿಕದಲ್ಲಿ. ಕರೆಸಿಕೊಳ್ಳುವ ಸಂಸ್ಥೆ ಅಥವಾ ಅದರ ಅಧಿಕೃತ ಏಜೆಂಟ್ ಅಲ್ಲಿಯ ವಲಸೆ ಇಲಾಖೆಗೆ ಐ-129 ಎಂಬ ಅರ್ಜಿ ಸಲ್ಲಿಸಬೇಕು, ಶುಲ್ಕ ಕಟ್ಟಬೇಕು, ಯಾವ ಊರಿನಲ್ಲಿ ಯಾವ ದಿನ ಕಾರ್ಯಕ್ರಮ ಎಂಬ ವೇಳಾಪಟ್ಟಿ ಕೊಡಬೇಕು, ಕಲೆಯ ಬಗ್ಗೆ ಬಲ್ಲವರ ಪತ್ರವನ್ನೂ ಅಲ್ಲಿಯ ಕಲಾವಿದರ ಕಾರ್ಮಿಕ ಸಂಘಟನೆಯ ಅಭಿಪ್ರಾಯವನ್ನೂ ಲಗತ್ತಿಸಬೇಕು. ಅರ್ಜಿ ಮುಟ್ಟಿದ ಕೂಡಲೇ ಮೂರು ಅಕ್ಷರ ಮತ್ತು ಹತ್ತು ಅಂಕಿಗಳ ರಶೀದಿ ಸಂಖ್ಯೆ ಬರುತ್ತದೆ, ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ಅರ್ಜಿ ಯಾವ ಹಂತದಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಮಂಜೂರಾತಿ ಬಂದ ಮೇಲಷ್ಟೇ ನಾವು ವೀಸಾ ಅರ್ಜಿ ತುಂಬಿ ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೋಗುವುದು.

ಆದ್ದರಿಂದ ಏಜೆಂಟರನ್ನು ಮೊದಲು ಆ ರಶೀದಿ ಸಂಖ್ಯೆ ಕೇಳಿರಿ. ಪ್ರವಾಸಿ ವೀಸಾದಲ್ಲೇ ಹೋಗಬಹುದು, ಯಾರೂ ಕೇಳುವುದಿಲ್ಲ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿರಿ, ಏಕೆಂದರೆ ಸಂಭಾವನೆ ಪಡೆದು ಕಾರ್ಯಕ್ರಮ ಕೊಡಲು ಆ ವೀಸಾದಲ್ಲಿ ಅನುಮತಿಯಿಲ್ಲ. ಸಂಘದ ಪತ್ರವನ್ನು ಪರಿಶೀಲಿಸುವುದು ಇನ್ನೂ ಸುಲಭ: ಪತ್ರದಲ್ಲಿರುವ ದೂರವಾಣಿಯನ್ನು ನಂಬದೆ, ಆ ಸಂಘದ ಜಾಲತಾಣವನ್ನು ತಾವೇ ಹುಡುಕಿ ಅಲ್ಲಿರುವ ವಿಳಾಸಕ್ಕೆ ನೇರವಾಗಿ ಬರೆಯಿರಿ. ಮತ್ತೊಂದು ಮಾತು. ಸಂದರ್ಶನದಲ್ಲಿ ಅಧಿಕಾರಿ ನನ್ನಿಂದ ಝಪತಾಲದ ಠೇಕಾ ಹೇಳಿಸಿದ್ದರು. ಬಂಕಾಪುರದ ಆ ಹುಡುಗನಿಗೆ ಡೊಳ್ಳಿನ ಒಂದು ಗತ್ತು ಹೇಳು ಎಂದರೆ ಏನು ಮಾಡುತ್ತಾನೆ?

ಉತ್ತರ 2: ಹಾನಗಲ್_ರೈತ

ಎಲ್ಲರೂ ಹೆದರಿಸುವುದೇ ಆಯಿತು. ಮಳೆಯಿಲ್ಲದೆ ಗೋವಿನಜೋಳ ಒಣಗಿ ಕುಳಿತ ಮನೆಯ ಹುಡುಗನೊಬ್ಬ ಹೊರದೇಶಕ್ಕೆ ಹೋಗಿ ನಾಲ್ಕು ಕಾಸು ದುಡಿದರೆ ಮೇಳದ ಗಂಟೇನು ಹೋಗುತ್ತದೆ? ಮೇಳಕ್ಕಂತೂ ಬಿಟ್ಟಿ ಪ್ರವಾಸ ಸಿಗುತ್ತದೆ. ಇಂಥದ್ದು ಎಲ್ಲ ಕಡೆ ನಡೆಯುತ್ತದೆ.

ಉತ್ತರ 3: ಧಾರವಾಡ_ವಕೀಲ

ಮೇಲಿನವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಬಿಟ್ಟಿ ಎಂಬ ಮಾತನ್ನು ಒಪ್ಪಲಾರೆ. ಹನ್ನೆರಡು ಜನರ ಟಿಕೆಟ್ಟು, ಸಂಭಾವನೆ ಎಲ್ಲವನ್ನೂ ಏಜೆಂಟ್ ತನ್ನ ಕೈಯಿಂದ ಹಾಕುತ್ತಾನೆಯೇ? ಆ ನಾಲ್ವರಿಂದ ಎಷ್ಟು ಲಕ್ಷ ವಸೂಲಿಯಾಗಿದೆ ಎಂದು ಅವರನ್ನೇ ಕೇಳಿ ನೋಡಿರಿ. ಇಲ್ಲಿ ಮಾರಾಟವಾಗುತ್ತಿರುವುದು ಮೇಳದ ಹೆಸರು. ಮೇಳ ನಿಜವಾದದ್ದಾಗಿದ್ದಷ್ಟೂ ಆ ಹೆಸರಿಗೆ ಬೆಲೆ ಹೆಚ್ಚು, ಆದ್ದರಿಂದಲೇ ಇಂಥವರು ಹೊಸ ಕಲಾತಂಡ ಕಟ್ಟುವ ಬದಲು ಹಳೆಯ ಮೇಳಗಳ ಮನೆ ಬಾಗಿಲಿಗೆ ಬರುತ್ತಾರೆ.

ಎಲ್ಲ ಕಡೆ ನಡೆಯುತ್ತದೆ ಎಂಬುದೂ ಅರ್ಧ ಸತ್ಯ, ಏಕೆಂದರೆ ನಡೆದ ಕಡೆ ಪ್ರಕರಣಗಳೂ ಆಗಿವೆ. ಪಂಜಾಬಿನ ಗಾಯಕ ದಲೇರ್ ಮೆಹಂದಿಯವರ ಮೇಲೆ ಪಟಿಯಾಲ ಪೊಲೀಸರು 2003ರಲ್ಲಿ ಪ್ರಕರಣ ದಾಖಲಿಸಿದರು. 1998 ಮತ್ತು 1999ರ ಪ್ರವಾಸಗಳಲ್ಲಿ ತಂಡದವರೆಂದು ಹೇಳಿ ಜನರನ್ನು ಅಮೆರಿಕಕ್ಕೆ ಕರೆದೊಯ್ದು ಅಲ್ಲಿಯೇ ಬಿಟ್ಟುಬಂದರೆಂಬುದು ಆರೋಪ. 2018ರಲ್ಲಿ ಪಟಿಯಾಲದ ನ್ಯಾಯಾಲಯ ಎರಡು ವರ್ಷಗಳ ಶಿಕ್ಷೆ ವಿಧಿಸಿತು, 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿದಾಗ ಅವರು ಜೈಲಿಗೂ ಹೋದರು, ಅದೇ ವರ್ಷ ಹೈಕೋರ್ಟ್ ಶಿಕ್ಷೆಯನ್ನು ಅಮಾನತ್ತಿನಲ್ಲಿಟ್ಟಿತು. ಅಂತಿಮ ತೀರ್ಪು ಏನೇ ಇರಲಿ, ಒಂದು ಪ್ರವಾಸದ ಪಟ್ಟಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೆನ್ನು ಹತ್ತಿತು.

ತಮ್ಮ ಫೋಟೊದ ವಿಷಯ ಓದಿದಾಗ ನನಗೆ ನೆನಪಾದದ್ದು ಇನ್ನೊಂದು ಪ್ರಕರಣ. 2018ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯದಲ್ಲಿ, ಆರ್ಮೇನಿಯಾ ದೇಶದ ಜನರನ್ನು ಜಾನಪದ ಕಲಾವಿದರೆಂದು ತೋರಿಸಿ ಇದೇ ಪಿ-3 ವೀಸಾ ಕೊಡಿಸಿದ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. ಸಾಂಪ್ರದಾಯಿಕ ಉಡುಗೆ ತೊಡಿಸಿ ಫೋಟೊ ತೆಗೆಸಿದ್ದು, ನೃತ್ಯದ ಸುಳ್ಳು ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದು ಆ ಆರೋಪದ ಭಾಗವಾಗಿತ್ತು. ಅಂದರೆ ತಮ್ಮ ಏಜೆಂಟರ ಉಪಾಯವನ್ನು ವೀಸಾ ಅಧಿಕಾರಿಗಳು ಈಗಾಗಲೇ ಚೆನ್ನಾಗಿ ಬಲ್ಲರು.

ಇನ್ನು ಮಾವನವರ ಸಹಿಯ ವಿಚಾರ. ಸುಳ್ಳೆಂದು ತಿಳಿದೂ ಅಂತಹ ಪತ್ರ ಕೊಟ್ಟರೆ, ಆ ನಾಲ್ವರು ಮರಳಿ ಬಂದರೂ ಬಾರದಿದ್ದರೂ, ವಂಚನೆಯಲ್ಲಿ ಅವರೂ ಪಾಲುದಾರರೆಂದು ತನಿಖಾಧಿಕಾರಿ ಹೇಳಬಹುದು. ಮೇಳದಿಂದ ಪೊಲೀಸರ ಕೈಗೆ ಸಿಗುವ ಮೊದಲ ಕಾಗದವೇ ಅದಾಗಿರುತ್ತದೆ, ಏಜೆಂಟರ ಸಹಿ ಎಲ್ಲಿಯೂ ಇರುವುದಿಲ್ಲ. ಅಮೆರಿಕದ ಕಾನೂನಿನಲ್ಲಂತೂ ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದವನಿಗೆ ಜೀವನಪೂರ್ತಿ ಪ್ರವೇಶ ನಿಷೇಧವಾಗಬಹುದು. ನಿಜವಾದ ಹನ್ನೆರಡು ಜನ ಆ ಸಂಶಯಕ್ಕೆ ಗುರಿಯಾಗುವುದು ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಉತ್ತರ 4: ಹುಬ್ಬಳ್ಳಿ_ಆರ್ಕೆಸ್ಟ್ರಾ

ಅಣ್ಣಾ, ಅಮೆರಿಕದ ಬಗ್ಗೆ ನನಗೆ ತಿಳಿಯದು, ಆದರೆ ಆರ್ಕೆಸ್ಟ್ರಾಗಳಲ್ಲಿ ಹಾಡುವ ನಮ್ಮಂಥ ಹೆಣ್ಣುಮಕ್ಕಳಿಗೆ ಕೊಲ್ಲಿ ದೇಶಗಳಿಂದ ಬರುವ ಕರೆಗಳ ರೀತಿ ಬೇರೆ. ದುಬೈನ ಹೋಟೆಲಿನಲ್ಲಿ ಮೂರು ತಿಂಗಳು ಹಾಡುವ ಕೆಲಸ ಎನ್ನುತ್ತಾರೆ, ಭೇಟಿ ವೀಸಾದಲ್ಲಿ ಕಳಿಸುತ್ತಾರೆ, ಇಳಿದ ಕೂಡಲೇ ಪಾಸ್‌ಪೋರ್ಟ್ ಇಸಿದುಕೊಂಡು ಟಿಕೆಟ್ಟು ಬಟ್ಟೆ ಕೋಣೆ ಎಲ್ಲದರ ಖರ್ಚನ್ನೂ ಸಾಲವೆಂದು ಬರೆದಿಡುತ್ತಾರೆ. ಆ ಸಾಲ ತೀರುವವರೆಗೆ ಹಾಡುವುದಷ್ಟೇ ಅಲ್ಲ, ಗಿರಾಕಿಗಳೆದುರು ಕುಣಿಯಬೇಕು, ಅವರೊಂದಿಗೆ ಕೂರಬೇಕು. ನನ್ನ ಜೊತೆ ಹಾಡುತ್ತಿದ್ದವಳೊಬ್ಬಳು ಹೀಗೆ ಸಿಕ್ಕಿಬಿದ್ದು ದೂತಾವಾಸದ ನೆರವಿನಿಂದ ಹಿಂದಿರುಗಿದಳು. ಅಲ್ಲಿಯ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ ಎಂದಿದೆ ಎಂಬುದು ಅವಳಿಗೆ ತಿಳಿದದ್ದು ಬಂದ ಮೇಲೆ. ಪಾಸ್‌ಪೋರ್ಟನ್ನು ಮಾತ್ರ ದಯವಿಟ್ಟು ಯಾರ ಕೈಗೂ ಕೊಟ್ಟು ಕೂರಬೇಡಿ.

ಪ್ರಶ್ನೆ ಕೇಳಿದವರು: ಶಿಗ್ಗಾವಿ_ಡೊಳ್ಳು

ಎಲ್ಲರಿಗೂ ಕೃತಜ್ಞತೆಗಳು. ರಶೀದಿ ಸಂಖ್ಯೆ ಕೇಳಿದೆವು. ಅದೆಲ್ಲ ಸಂದರ್ಶನದ ಹಿಂದಿನ ದಿನ ಬರುತ್ತದೆ ಎಂದರು. ಮಾವನಿಗೆ ಇನ್ನೂ ಮನಸ್ಸು ಎರಡಾಗಿದೆ. ನಮ್ಮ ಹುಡುಗರಿಗೆ ಮತ್ತೆ ಇಂಥ ಕರೆ ಯಾವಾಗ ಬಂದೀತು ಎನ್ನುತ್ತಾರೆ, ಅದನ್ನು ತಳ್ಳಿಹಾಕಲು ನನಗೂ ಆಗುತ್ತಿಲ್ಲ. ಈಗಾಗಲೇ ಮೂವರು ಪಾಸ್‌ಪೋರ್ಟ್ ಕೊಟ್ಟುಬಿಟ್ಟಿದ್ದಾರೆ.

ಉತ್ತರ 5: ಧಾರವಾಡ_ವಕೀಲ

ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಎಂದಿಗೂ ಕೇಂದ್ರ ಸರ್ಕಾರದ ಸ್ವತ್ತು, ಖಾಸಗಿ ವ್ಯಕ್ತಿ ಅದನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಆ ಮೂವರೂ ವಾಪಸು ಕೇಳಿ ಒಂದು ಪತ್ರ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲಿ, ಕೊಡದಿದ್ದರೆ ಠಾಣೆಗೆ ಹೋಗಲಿ.

ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ 1983ರ ವಲಸೆ ಕಾಯ್ದೆಯನ್ನು ಕೂಲಿ, ಚಾಲಕ, ದಾದಿಯರ ಕಾಯ್ದೆ ಎಂದಷ್ಟೇ ಅನೇಕರು ತಿಳಿದಿದ್ದಾರೆ, ಆದರೆ ಅದರಲ್ಲಿ ಕೆಲಸ ಎಂಬುದರೊಳಗೆ ಸಿನಿಮಾ, ಪ್ರದರ್ಶನ, ಮನರಂಜನೆಯ ಕೆಲಸಗಳೂ ಸ್ಪಷ್ಟವಾಗಿ ಸೇರಿವೆ. ನೋಂದಣಿ ಪ್ರಮಾಣಪತ್ರವಿಲ್ಲದೆ ಇಂತಹ ನೇಮಕಾತಿ ನಡೆಸುವುದು ಅಪರಾಧ. ಎರಡು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ (ಲಕ್ಷಗಟ್ಟಲೆ ವಸೂಲಿ ಮಾಡುವವನಿಗೆ ಎರಡು ಸಾವಿರ!). ನೋಂದಾಯಿತ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಅವರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಹೋಗಬೇಕಾಗಿದ್ದ ವ್ಯಕ್ತಿ ಅಥವಾ ಅವನ ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಹೆಸರಿರುವ ಕಲಾವಿದರೇ ದೂರುದಾರರಾಗುವುದು ಒಳ್ಳೆಯದು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಪ್ರತ್ಯೇಕವಾಗಿ ಇದ್ದೇ ಇದೆ. ಹೆಚ್ಚಿನ ಮಾಹಿತಿ ಕೇಳಲು ಕೇಂದ್ರ ಸರ್ಕಾರದ ಸಹಾಯವಾಣಿ 1800113090.

ಮಾವನವರಿಗೆ ಒಂದು ಮಾತು ಹೇಳಿರಿ. ಸಂಘದ ಕರೆ ನಿಜವಾಗಿದ್ದರೆ ಅದು ಏಜೆಂಟರಿಲ್ಲದೆಯೂ ನಿಜವೇ. ಸಂಘಕ್ಕೆ ನೇರವಾಗಿ ಬರೆದು ಹನ್ನೆರಡೇ ಹೆಸರುಗಳನ್ನು ಕೊಡಿರಿ. ಕಲೆಯ ಬಗ್ಗೆ ಬಲ್ಲವರ ಪತ್ರ ಬೇಕೆಂದರೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ತಮ್ಮ ತಾಲ್ಲೂಕಿನಲ್ಲಿಯೇ ಇದೆ, ಅಲ್ಲಿಯ ಅಧ್ಯಾಪಕರನ್ನು ಕೇಳಬಹುದು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಕಲಾವಿದರ ಪಟ್ಟಿಗೂ ಅರ್ಜಿ ಹಾಕಿಡಿರಿ, ಪರಿಷತ್ತು ತಂಡಗಳನ್ನು ಸರ್ಕಾರದ ಖರ್ಚಿನಲ್ಲಿ ಹೊರದೇಶಗಳಿಗೆ ಕಳಿಸುತ್ತದೆ. ಸಂಘದಿಂದ ಏನು ಉತ್ತರ ಬಂತೆಂದು ಇಲ್ಲಿ ತಿಳಿಸಿದರೆ ದೂರಿನ ಕರಡನ್ನು ನಾನೇ ಬರೆದುಕೊಡುತ್ತೇನೆ.