14 ತಿಂಗಳ ಪಾಪು ಊಟ ಮಾಡ್ತಿಲ್ಲ, ಸ್ನ್ಯಾಕ್ಸ್‌ಗೆ ಏನ್ ಕೊಡ್ತೀರಾ?

ಯಾರಾದ್ರೂ ಅನುಭವ ಇದ್ರೆ ಹೇಳಿ ಪ್ಲೀಸ್. ನನ್ ಮಗಳಿಗೆ ಈಗ 14 ತಿಂಗಳು. ಹತ್ತು ತಿಂಗಳವರೆಗೂ ಏನ್ ಕೊಟ್ರೂ ಬಾಯಿ ಕಳ್ಕೊಂಡು ತಿಂತಿದ್ಲು, ಈಗ ಎರಡು ತುತ್ತು ಆಗ್ತಿದ್ದಂಗೆ ಬಾಯಿ ಬಿಗಿಯಾಗಿ ಮುಚ್ಕೊಂಡು ಮುಖ ಆ ಕಡೆ ತಿರುಗಿಸ್ತಾಳೆ. ಹಾಲು ಮಾತ್ರ ಎಷ್ಟ್ ಕೊಟ್ರೂ ಕುಡೀತಾಳೆ. ಮಧ್ಯೆ ಮಧ್ಯೆ ಕೊಡೋಕೆ ಬಿಸ್ಕೆಟ್ ಬಿಟ್ರೆ ನಂಗೆ ಬೇರೆ ಏನೂ ತೋಚ್ತಿಲ್ಲ. ನಿಮ್ಮನೇಲಿ ಏನ್ ಕೊಡ್ತೀರಾ?

*

ಗಾಬರಿ ಆಗ್ಬೇಡಿ, ನಮ್ಮೋನದ್ದೂ ಇದೇ ಕಥೆ. ವರ್ಷ ತುಂಬಿದ್ದೇ ತಡ ಊಟ ಅರ್ಧಕ್ಕರ್ಧ ಇಳಿದುಹೋಯ್ತು, ನಾನು ತಟ್ಟೆ ಹಿಡ್ಕೊಂಡು ಮನೆಯೆಲ್ಲಾ ಅವನ ಹಿಂದೆ ಸುತ್ತಿದ್ದೇ ಬಂತು. ಆಮೇಲೆ ಡಾಕ್ಟ್ರು ತೂಕದ ಚಾರ್ಟ್ ಮುಂದಿಟ್ಟು ಹೇಳಿದ್ರು, ಮೊದಲ ವರ್ಷ ಮಗು ಹುಟ್ಟಿದ ತೂಕದ ಹೆಚ್ಚುಕಮ್ಮಿ ಮೂರು ಪಟ್ಟು ಆಗುತ್ತೆ, ಎರಡನೇ ವರ್ಷ ಪೂರ್ತಿ ಸೇರಿಸಿದ್ರೂ ಏರೋದು ಎರಡು ಎರಡೂವರೆ ಕೆಜಿ ಅಷ್ಟೇ, ಬೆಳೆಯೋ ಸ್ಪೀಡ್ ಇಳಿದ್ಮೇಲೆ ಹಸಿವೂ ಇಳಿಯುತ್ತಲ್ವಾ ಅಂತ. ಅದನ್ನ ಯಾರಾದ್ರೂ ಮೊದ್ಲೇ ಹೇಳಿದ್ರೆ ನಂಗೆ ಎರಡು ತಿಂಗಳ ಅಳು ಉಳೀತಿತ್ತು.

ಆದ್ರೆ ನೀವು ಹಾಲು ಎಷ್ಟ್ ಕೊಟ್ರೂ ಕುಡೀತಾಳೆ ಅಂದ್ರಲ್ಲ, ಅಲ್ಲೇ ಸ್ವಲ್ಪ ನಿಂತು ನೋಡಿ. ಹೊಸ ರೆಸಿಪಿ ಹುಡ್ಕೋಕೆ ಮುಂಚೆ ಒಂದು ದಿನ ಹಾಲಿನ ಲೆಕ್ಕ ಬರೆದಿಡಿ. ನಾನು ಬರೆದೆ, 240 ಎಂಎಲ್ ಬಾಟಲಿ ದಿನಕ್ಕೆ ನಾಕು ಸಲ, ಹತ್ರಹತ್ರ ಒಂದು ಲೀಟರ್! ಹೊಟ್ಟೇಲಿ ಜಾಗ ಎಲ್ಲಿರುತ್ತೆ ಪಾಪ. ಹಾಲಲ್ಲಿ ಐರನ್ ಇಲ್ಲ ಅನ್ನೋಷ್ಟು ಕಮ್ಮಿ, ಅದ್ರ ಮೇಲೆ ಬೇರೆ ಊಟದಲ್ಲಿರೋ ಐರನ್ ಮೈಗೆ ಹತ್ತೋದಕ್ಕೂ ಅದು ಅಡ್ಡ ಬರುತ್ತಂತೆ. ರಕ್ತ ಟೆಸ್ಟ್ ಮಾಡ್ಸಿದ್ರೆ ಹಿಮೋಗ್ಲೋಬಿನ್ 9.8, ಮೂರು ತಿಂಗಳು ಐರನ್ ಡ್ರಾಪ್ಸ್ ಹಾಕಿದ್ವಿ. ಆಮೇಲೆ ಬಾಟಲಿ ತೆಗೆದು ಕಪ್ಪಲ್ಲಿ ಕೊಡೋಕೆ ಶುರು ಮಾಡಿ ದಿನಕ್ಕೆ 400 ಎಂಎಲ್‌ಗೆ ಇಳಿಸಿದ್ವಿ, ಅದೂ ಊಟ ಆದ್ಮೇಲೆ. ಮೊದಲ ನಾಕು ದಿನ ರಂಪ ಅಂದ್ರೆ ರಂಪ. ಐದನೇ ದಿನ ನಾನು ಮೊಟ್ಟೆ ತಿಂತಾ ಕೂತಿದ್ದಾಗ ಬಂದು ನನ್ ತಟ್ಟೆಯಿಂದ್ಲೇ ಬಿಳಿ ಭಾಗ ಮುರ್ಕೊಂಡು ಬಾಯಿಗೆ ಹಾಕ್ಕೊಂಡ, ನಾನು ಉಸಿರೂ ಬಿಡ್ದೆ ಸುಮ್ನೆ ನೋಡ್ತಾ ಕೂತೆ. (ಎದೆಹಾಲು ಕೊಡ್ತಿದ್ರೆ ಅದನ್ನ ನಿಲ್ಲಿಸ್ಬೇಡಿ, ನಾನು ಹೇಳ್ತಿರೋದು ಬಾಟಲಿ ಹಾಲಿನ ವಿಷ್ಯ.)

ಊಟಕ್ಕೆ ನಮ್ಮಲ್ಲಿ ನಡೆಯೋದು: ಆಮ್ಲೆಟ್‌ನ ಬೆರಳುದ್ದ ಪಟ್ಟಿ ಕತ್ತರಿಸಿ ಕೊಡೋದು, ಬೇಳೆ ಅನ್ನ ಗಟ್ಟಿಯಾಗಿ ಕಲಸಿ ಬೆಣ್ಣೆ ಹಾಕಿ ಪುಟ್ಟ ಉಂಡೆ ಮಾಡಿ ಮುಂದಿಡೋದು, ಮುಳ್ಳು ತೆಗೆದ ಮೀನು, ಬೇಯಿಸಿ ನುಣ್ಣಗೆ ಮಾಡಿದ ಚಿಕನ್ ಗೆಣಸಿನ ಜೊತೆ. ಬೇಳೆ, ಸೊಪ್ಪು ಕೊಡೋವಾಗ ನಿಂಬೆಹಣ್ಣು ಹಿಂಡ್ತೀನಿ ಇಲ್ಲಾ ಪಕ್ಕದಲ್ಲಿ ಕಿತ್ತಳೆ ತೊಳೆ ಇಡ್ತೀನಿ, ವಿಟಮಿನ್ ಸಿ ಜೊತೆಗಿದ್ರೆ ಐರನ್ ಚೆನ್ನಾಗಿ ಹತ್ತುತ್ತೆ. ತರಕಾರಿ ಬೆಂದಿದೆಯಾ ನೋಡೋಕೆ ನನ್ನ ಟೆಸ್ಟ್ ಒಂದೇ, ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಒತ್ತಿದ್ರೆ ಹಿಟ್ಟಾಗ್ಬೇಕು, ಆಗ್ದಿದ್ರೆ ವಾಪಸ್ ಪಾತ್ರೆಗೆ. ಈ ವಯಸ್ಸಲ್ಲಿ ದವಡೆ ಹಲ್ಲು ಪೂರ್ತಿ ಬಂದಿರಲ್ಲ, ಒಸಡಲ್ಲೇ ಅರೀಬೇಕು ಅವು.

*

ಸ್ನ್ಯಾಕ್ಸ್ ಬಗ್ಗೆ ನಾನ್ ಹೇಳ್ತೀನಿ, ಕೆಲಸಕ್ಕೆ ಹೋಗೋಳು ನಾನು, ಬೆಳಗ್ಗೆ ಟೈಮ್ ಇರಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣು ಒಂದು, ಮೊಟ್ಟೆ ಒಂದು, ಮಿಕ್ಸೀಲಿ ಪುಡಿ ಮಾಡಿದ ಓಟ್ಸ್ ಮೂರು ಚಮಚ, ಕಲಸಿ ತವಾ ಮೇಲೆ ಸಣ್ಣ ಸಣ್ಣದಾಗಿ ಹುಯ್ದು ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಸಕ್ಕರೆ ಹಾಕಲೇಬೇಡಿ, ಹಣ್ಣಿನ ಸಿಹಿನೇ ಸಾಕು. ಉರಿ ಜಾಸ್ತಿ ಮಾಡಿದ್ರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತೆ, ಮೊದಲ ಸಲ ನಂದೂ ಹಂಗೇ ಆಯ್ತು. ಫ್ರಿಜ್ಜಲ್ಲಿ ಎರಡು ದಿನ ಇಡಬಹುದು. ಉಳಿದಂತೆ ಸಪ್ಪೆ ಮೊಸರಿಗೆ ಕಿವುಚಿದ ಮಾವು ಅಥವಾ ಪಪ್ಪಾಯ, ಬೇಯಿಸಿದ ಸೇಬು, ಬೆಣ್ಣೆಹಣ್ಣು, ಬೆಂದ ಬಟಾಣಿ ಒಂದೊಂದನ್ನೂ ಬೆರಳಲ್ಲಿ ಚಪ್ಪಟೆ ಮಾಡಿ (ನನ್ ಮಗಳು ಬಟಾಣಿ ಹೆಕ್ಕೋಕೇ ಅರ್ಧ ಗಂಟೆ ತಗೋತಾಳೆ, ಅಷ್ಟರಲ್ಲಿ ನನ್ ಪಾತ್ರೆ ತೊಳೆದಾಗಿರುತ್ತೆ). ಕಡಲೆಬೀಜದ ಬೆಣ್ಣೆ ಬ್ರೆಡ್ ಮೇಲೆ ತೆಳ್ಳಗೆ ಸವರಿ ಕೊಡಿ, ಚಮಚದಲ್ಲಿ ದಪ್ಪಗೆ ಕೊಟ್ರೆ ಗಂಟಲಿಗೆ ಅಂಟುತ್ತೆ. ಮೊದಲ ಸಲ ಆದ್ರೆ ಹಗಲು ಹೊತ್ತು, ಚೂರೇ ಚೂರು ಕೊಟ್ಟು ನೋಡಿ, ಅಲರ್ಜಿ ಇದ್ರೆ ಗೊತ್ತಾಗ್ಬೇಕಲ್ಲ.

ಬಿಸ್ಕೆಟ್ ವಿಷ್ಯ ಹೇಳ್ಬೇಕಂದ್ರೆ ಪ್ಯಾಕೆಟ್ ಹಿಂದೆ ಓದಿ, ಮಕ್ಕಳದ್ದು ಅಂತ ಚಿತ್ರ ಹಾಕಿರೋದ್ರಲ್ಲೂ ಎರಡನೇ ಮೂರನೇ ಹೆಸರೇ ಸಕ್ಕರೆ ಇರುತ್ತೆ. ಜ್ಯೂಸ್ ಬದ್ಲು ಹಣ್ಣೇ ಕೊಡಿ. ಇನ್ನೊಂದು, ಎರಡು ಊಟದ ಮಧ್ಯೆ ಎರಡೂವರೆ ಮೂರು ಗಂಟೆ ಗ್ಯಾಪ್ ಇರ್ಲಿ, ದಿನವಿಡೀ ಒಂದೊಂದು ಚೂರು ಬಾಯಿಗೆ ಹಾಕ್ತಾ ಇದ್ರೆ ಹಸಿವು ಅನ್ನೋದೇ ಗೊತ್ತಾಗಲ್ಲ ಮಕ್ಕಳಿಗೆ.

*

ಇಲ್ಲಿ ಅಪ್ಪಂದಿರು ಬರೀಬಹುದು ತಾನೆ 😄 ನಂದೊಂದೇ ಮಾತು, ದ್ರಾಕ್ಷಿ. ಇಡೀ ದ್ರಾಕ್ಷಿ ಕೊಡ್ಲೇಬೇಡಿ, ಉದ್ದಕ್ಕೆ ಸೀಳಿ ನಾಕು ಭಾಗ ಮಾಡಿ, ಅಡ್ಡಕ್ಕೆ ಕೊಯ್ದ್ರೆ ದುಂಡಗೇ ಇರುತ್ತೆ, ಅದೇ ಅಪಾಯ. ಇಡೀ ಬೀಜಗಳು, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು ಇವೂ ಬೇಡ. ಓಕರಿಸ್ಕೊಂಡು ಕೆಮ್ಮಿದ್ರೆ ಹೆದರ್ಬೇಡಿ, ಬೆರಳು ಹಾಕೋಕೂ ಹೋಗ್ಬೇಡಿ, ತಾನೇ ಹೊರಗೆ ತಳ್ಳುತ್ತೆ. ಸದ್ದೇ ಬರ್ದೆ ಮುಖದ ಬಣ್ಣ ಬದಲಾದ್ರೆ ಅದು ಉಸಿರು ಕಟ್ಟಿರೋದು, ಆಗ ಬೆನ್ನಿಗೆ ಹೇಗೆ ಹೊಡೀಬೇಕು ಅಂತ ಗೊತ್ತಿರ್ಬೇಕು, ಒಂದು ಫಸ್ಟ್ ಏಡ್ ಕ್ಲಾಸಿಗೆ ಹೋಗಿ ಕಲಿತು ಬನ್ನಿ. ಓಡಾಡ್ತಾ ತಿನ್ನಿಸೋದು ನಾವು ಬಿಟ್ಟಿದ್ದೂ ಇದೇ ಕಾರಣಕ್ಕೆ, ಕೂತೇ ತಿನ್ಬೇಕು.

*

ಬೀಟ್‌ರೂಟ್ ಕೊಟ್ರೆ ಮಾರನೇ ದಿನ ಡೈಪರ್ ಕೆಂಪಾಗಿರೋದು ನೋಡಿ ಕಿರ್ಚ್ಕೋಬೇಡಿ, ಅದು ಬೀಟ್‌ರೂಟ್ ಬಣ್ಣ ಅಷ್ಟೇ, ನಾನು ರಕ್ತ ಅಂದ್ಕೊಂಡು ಆಸ್ಪತ್ರೆಗೆ ಫೋನ್ ಮಾಡಿಬಿಟ್ಟಿದ್ದೆ. ಮತ್ತೆ ಹೊಸದು ಉಗೀತು ಅಂತ ಲಿಸ್ಟಿಂದ ತೆಗೀಬೇಡಿ ಕಣ್ರೀ, ಕುಂಬಳಕಾಯಿ ನಮ್ಮಲ್ಲಿ ಹನ್ನೊಂದನೇ ಸಲಕ್ಕೆ ಒಳಗೆ ಹೋಗಿದ್ದು. ಒಂದು ಚೂರು ಇಡೋದು, ತಿನ್ನು ಅಂತ ಹೇಳ್ಬಾರ್ದು, ಬೇಡ ಅಂದ್ರೆ ಸುಮ್ನೆ ಎತ್ತಿಡೋದು.

*

ಎಲ್ರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕ ಹಾಕ್ದೆ, 850 ಎಂಎಲ್ ಆಗ್ತಿದೆ, ಅದ್ರಲ್ಲಿ ಎರಡು ಬಾಟಲಿ ರಾತ್ರಿ ನಿದ್ದೆಗಣ್ಣಲ್ಲೇ! ಹಗಲಿಂದು ಇಳಿಸಬಹುದು, ರಾತ್ರಿದು ಹೇಗೆ?

*

ನಾವು ಮೂರು ದಿನಕ್ಕೊಮ್ಮೆ 30 ಎಂಎಲ್ ಕಮ್ಮಿ ಮಾಡ್ತಾ ಬಂದ್ವಿ, 60ಕ್ಕೆ ಬಂದಾಗ ನಮ್ ಮಗಳು ತಾನೇ ಏಳೋದು ಬಿಟ್ಲು. ಬಾಟಲಿ ಬಾಯಲ್ಲೇ ಇಟ್ಕೊಂಡು ಮಲಗಿದ್ರೆ ಹಲ್ಲೂ ಹುಳುಕಾಗುತ್ತೆ, ಅದಕ್ಕಾದ್ರೂ ರಾತ್ರಿದನ್ನೇ ಮೊದ್ಲು ತೆಗೀರಿ. ಕೊನೇ ಹಾಲು ಮಲಗೋ ಮುಂಚೆ ಕಪ್ಪಲ್ಲಿ ಕೊಟ್ಟು ಬ್ರಷ್ ಮಾಡ್ಸಿಬಿಡಿ.